ನಲವತ್ತೊಂದನೆಯ ಫಾರಂ

ಅಕ್ಟೋಬರ್ 14, ಸೋಮವಾರ. ಮೈಸೂರು, ಹಾಸ್ಟೆಲ್

ದಸರಾ ರಜೆ ಮುಗಿಯಿತು. ಲಿಂಗರಾಜು ಸರ್ ಇವತ್ತು ಇಬ್ಬರನ್ನು ತಮ್ಮ ಕೊಠಡಿಗೆ ಕರೆದರು, ನನ್ನನ್ನು ಮತ್ತು ನನ್ನ ರೂಮಿನವಳಾದ ಯಶೋಧರಾಳನ್ನು. ಹೊಗೆಸೊಪ್ಪಿನ ಕೆಲಸ ಮಾಡುವ ಹೆಂಗಸರ ನಿದ್ರೆ ಮತ್ತು ಮನಸ್ಸಿನ ಆಯಾಸದ ಬಗ್ಗೆ ಅವರು ಅಧ್ಯಯನ ಮಾಡುತ್ತಿದ್ದಾರೆ. ಊರೂರಿಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ನಮ್ಮದು. ಪಿರಿಯಾಪಟ್ಟಣ, ಕೆ.ಆರ್. ನಗರ ನನಗೆ, ಹುಣಸೂರು, ಎಚ್.ಡಿ. ಕೋಟೆ ಅವಳಿಗೆ. ತಲಾ ಅರವತ್ತು ಫಾರಂ. ಎಂ.ಎಸ್ಸಿ. ಮುಗಿದ ಮೇಲೆ ನಮ್ಮಲ್ಲಿ ಒಬ್ಬರನ್ನು ಎರಡು ವರ್ಷಕ್ಕೆ ಯೋಜನಾ ಸಹಾಯಕಿಯಾಗಿ ತೆಗೆದುಕೊಳ್ಳುತ್ತಾರೆ. ಅವರ ಬಳಿಯೇ ಪಿಎಚ್.ಡಿ.ಗೂ ಸೇರಬಹುದು. "ಒಬ್ಬರನ್ನು ಮಾತ್ರ," ಎಂದು ಸರ್ ಎರಡು ಸಲ ಹೇಳಿದರು.

ನ್ಯಾಯವಾಗಿ ಅದು ನನಗೆ ಸಿಗಬೇಕು. ಇದನ್ನು ಜಂಬದಿಂದ ಬರೆಯುತ್ತಿಲ್ಲ. ಕಲಿಕೆ ಮತ್ತು ನೆನಪಿನ ಪತ್ರಿಕೆಯಲ್ಲಿ ನನಗೆ 81, ಅವಳಿಗೆ 66. ಸಾಮಾಜಿಕ ಮನೋವಿಜ್ಞಾನದಲ್ಲಿ 78, ಅವಳಿಗೆ 71. ಅಂಕಿಅಂಶದಲ್ಲಿ 92, ಅವಳಿಗೆ 54. ಸಂಶೋಧನಾ ವಿಧಾನದ ಕಿರುಪರೀಕ್ಷೆಯಲ್ಲಿ "ಕೇಳುವವರು ಯಾರು ಎಂಬುದರಿಂದ ಉತ್ತರ ಹೇಗೆ ಬದಲಾಗುತ್ತದೆ?" ಎಂಬ ಪ್ರಶ್ನೆಗೆ ನಾನು ಬರೆದದ್ದನ್ನು ಸರ್ ತರಗತಿಯಲ್ಲಿ ಓದಿ ತೋರಿಸಿದರು. ಹತ್ತಕ್ಕೆ ಹತ್ತು. ಅದೇ ಪ್ರಶ್ನೆಗೆ ಯಶೋಧರಾ ಯಾವ ಅಧ್ಯಯನವನ್ನೂ ಉಲ್ಲೇಖಿಸದೆ ತನ್ನೂರು ಅಂತರಸಂತೆಯ ಎರಡು ಕಥೆ ಬರೆದಿದ್ದಳು. ಆರು.

ಈ ಅಧ್ಯಯನದ ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳೂ ನಾನೇ. ಇಪ್ಪತ್ನಾಲ್ಕು ವಾಕ್ಯ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ: ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಯಾವಾಗಲೂ. ಬೇರೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ ಮೂಲದ ಜೊತೆ ಹೋಲಿಸಿದಾಗ ವ್ಯತ್ಯಾಸ ಕಂಡದ್ದು ಎರಡೇ ಕಡೆ. ಪಿಯುಸಿಯಿಂದ ಅನುವಾದಿತ ಕಾದಂಬರಿಗಳನ್ನೇ ಓದುತ್ತಿದ್ದೇನೆ. ಅನುವಾದಕರು ಎಲ್ಲಿ ಜಾರುತ್ತಾರೆ ಎಂದು ನನಗೆ ಗೊತ್ತು.

ಅಕ್ಟೋಬರ್ 15

ಯಶೋಧರಾ ಹಾಸಿಗೆಯ ಮೇಲೆ ಕಾಲು ಚಾಚಿ ಪ್ರಶ್ನಾವಳಿ ಓದಿದಳು.

"ಪದ್ಮಾ, ನಿನ್ ವಾಕ್ಯಗಳೆಲ್ಲಾ ಸೂಟು ಬೂಟು ಹಾಕ್ಕಂಡವೆ ಕಣೆ. 'ಕಳೆದ ಒಂದು ತಿಂಗಳಲ್ಲಿ ನನ್ನ ನಿದ್ರೆಗೆ ಭಂಗ ಬಂದಿದೆ.' ನಮ್ಮವ್ವನ್ ಮುಂದೆ ಇಂಗಂದ್ರೆ ಎದ್ದು ನಿಂತ್ಕಂಡು ಕೈ ಮುಗೀತಾಳೆ."

"ಬರೆದಿರುವ ಹಾಗೇ ಓದಬೇಕು. ಇಲ್ಲದಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳಿದಂತಾಗುತ್ತದೆ."

"ಆಯ್ತು ಬುಡವ್ವ, ಓದ್ತೀನಿ. ಓದಾದ್ಮೇಲೆ ಬಿಡಿಸಿ ಹೇಳ್ತೀನಿ."

ಬಿಡಿಸಿ ಹೇಳುವುದು ನಿಯಮದಲ್ಲಿ ಇಲ್ಲ. ಗುರುತು ಹಾಕಿಕೊಂಡಿದ್ದೇನೆ.

ಅಕ್ಟೋಬರ್ 20, ಭಾನುವಾರ. ರಾವಂದೂರು

ನಮ್ಮ ಊರಿನಿಂದ, ನಮ್ಮ ಶೆಡ್ಡಿನಿಂದಲೇ ಆರಂಭಿಸಿದೆ. ಅಪ್ಪನಿಗೆ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಎರಡು ಬ್ಯಾರನ್‌ಗಳಿವೆ. ಅಲ್ಲಿ ಬೇಯಿಸಿ ಇಳಿಸಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡಲು ಒಂಬತ್ತು ಹೆಂಗಸರು ಬರುತ್ತಾರೆ. ಪುಟ್ಟಮಾದಮ್ಮ ಇಪ್ಪತ್ತು ವರ್ಷದಿಂದ ಬರುತ್ತಿದ್ದಾಳೆ. ನನ್ನನ್ನು ಎತ್ತಿ ಆಡಿಸಿದವಳು. ಅಪ್ಪ ಬಾಗಿಲಲ್ಲಿ ನಿಂತು, "ಕೇಳಿದ್ದಕ್ಕೆಲ್ಲಾ ಸರ್ಯಾಗಿ ಹೇಳ್ರಮ್ಮಾ, ನಮ್ ಪದ್ಮನ್ ಪರೀಕ್ಷೆ ಅದು," ಎಂದರು. ನಾನು ಕುರ್ಚಿ, ರಟ್ಟು, ಪೆನ್ನು ತೆಗೆದುಕೊಂಡು ಕೂತೆ. ಒಬ್ಬೊಬ್ಬರಾಗಿ ಕೈ ತೊಳೆದುಕೊಂಡು ಬಂದು ಎದುರಿಗೆ ನಿಂತರು. ಕೂರಿ ಎಂದರೂ ಕೂರಲಿಲ್ಲ.

"ನಿದ್ದೆ ಚೆಂದಾಗಿ ಬತ್ತದೆ ಕಣವ್ವ."

"ಮನಸ್ಸಿಗೆ ಬೇಜಾರು?"

"ನಮ್ಗೆಂತ ಬೇಜಾರವ್ವ. ಇಲ್ಲ ಅಂತ ಬರ್ಕೊ."

ಪುಟ್ಟಮಾದಮ್ಮನ ಮೊತ್ತ 96ಕ್ಕೆ 4. ಒಂಬತ್ತು ಮಂದಿಯ ಸರಾಸರಿ 6. ಒಂದು ಫಾರಂಗೆ ಹದಿನಾಲ್ಕು ನಿಮಿಷ ಹಿಡಿಯಿತು. ಪಕ್ಕದ ಶೆಡ್ಡಿನವರನ್ನೂ ಸೇರಿಸಿ ಒಂದೇ ದಿನಕ್ಕೆ ಹನ್ನೊಂದು ಮುಗಿಸಿದೆ. ಯಾವ ವಾಕ್ಯವನ್ನೂ ಬದಲಿಸಲಿಲ್ಲ. ಅಂಕಿಗಳು ಶುದ್ಧವಾಗಿವೆ.

ಅಕ್ಟೋಬರ್ 26. ಹಾಸ್ಟೆಲ್

ನನ್ನದು ಇಪ್ಪತ್ತಮೂರು. ಯಶೋಧರಾಳದು ಒಂದು ವಾರಕ್ಕೆ ನಾಲ್ಕು. ಅವಳ ಬೆರಳುಗಳ ಸಂದಿಯಲ್ಲೆಲ್ಲ ಹೊಗೆಸೊಪ್ಪಿನ ಕಪ್ಪು ಅಂಟು. ಹುಣಸೂರಿನ ಕಡೆ ಯಾವುದೋ ಶೆಡ್ಡಿನಲ್ಲಿ ಬೆಳಗಿನ ಆರರಿಂದ ಹೆಂಗಸರ ಜೊತೆ ಕೂತು ಸೊಪ್ಪು ಬಿಡಿಸಿದಳಂತೆ.

"ಯಾಕೆ?"

"ಮಂಜಿರುವಾಗ್ಲೇ ಎಲೆ ಮೆತ್ತಗಿರೋದು. ಬಿಸ್ಲೇರುದ್ರೆ ಪುಡಿಯಾಯ್ತದೆ. ಅವರ ಕೈ ನಿಲ್ಸುದ್ರೆ ಕೆಲ್ಸ ಕೆಡ್ತದೆ, ಅದಕ್ಕೆ ನಾನೂ ಕೈ ಹಾಕ್ದೆ. ನಿಮ್ಮನೇಲೂ ಅಂಗೇ ಅಲ್ವಾ?"

ನಾನು ನನ್ನ ಫಾರಂಗಳನ್ನು ಇನ್ನೊಮ್ಮೆ ಎಣಿಸಿದೆ.

ಸಂಜೆ ಸರ್ ಅವಳ ನಾಲ್ಕು ಫಾರಂಗಳ ಹಿಂಬದಿಯನ್ನು ಓದಿದರು. ಹಿಂಬದಿಯಲ್ಲಿ ಅಂಕವಿಲ್ಲದ ಒಂದೇ ಪ್ರಶ್ನೆ: ಮನಸ್ಸು ಭಾರವಾದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ? ನನ್ನ ಫಾರಂಗಳಲ್ಲಿ ಅದಕ್ಕೆ "ದೇವರ ಹತ್ತಿರ" ಅಥವಾ ಒಂದು ಅಡ್ಡಗೆರೆ. ಅವಳದ್ದರಲ್ಲಿ ಜಾಗ ಸಾಲದೆ ಅಂಚಿಗೆಲ್ಲ ಬರೆದಿದ್ದಳು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಇಪ್ಪತ್ತಮೂರನ್ನು ಎಣಿಸಿ, "ವೇಗ ಚೆನ್ನಾಗಿದೆ," ಎಂದರು.

ಊಟಕ್ಕೆ ಹೋಗಲಿಲ್ಲ. ಹಸಿವಿರಲಿಲ್ಲ.

ನವೆಂಬರ್ 2, ಶನಿವಾರ. ರಾವಂದೂರು

ದೀಪಾವಳಿಗೆ ಯಶೋಧರಾ ಮೂರು ದಿನ ನಮ್ಮ ಮನೆಗೆ ಬಂದಿದ್ದಾಳೆ. ಕರೆದದ್ದು ನಾನಲ್ಲ, ಸರ್ ಕಳಿಸಿದ್ದು. ಸ್ವಂತ ಮನೆಯವರನ್ನು ಸ್ವತಃ ಕೇಳಬಾರದು ಎಂಬ ನಿಯಮವಿದೆ. ನಮ್ಮಮ್ಮನೂ ಸೊಪ್ಪು ಬಿಡಿಸುವವಳೇ ಆದ್ದರಿಂದ ಅವಳ ಫಾರಂ ಯಶೋಧರಾಳ ಕಂತಿಗೆ ಸೇರಿತು.

ಅವಳು ಬಂದ ಬೆಳಿಗ್ಗೆಯೇ ಶೆಡ್ಡಿಗೆ ಹೋಗಿ ಪುಟ್ಟಮಾದಮ್ಮನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ಶೆಡ್ಡಿನ ಗೋಡೆಯ ಮೇಲೆ ಕೆಲಸದವರಿಗೆಂದು ಇಟ್ಟಿರುವ ಲೋಟಗಳಿವೆ. ಅಮ್ಮ ಒಳಗಿನಿಂದ ಬೇರೆ ಲೋಟದಲ್ಲಿ ಕಾಫಿ ತಂದರೆ, "ಇದ್ರಲ್ಲೇ ಹಾಕಿ ಅತ್ತೆಮ್ಮಾ," ಎಂದು ಗೋಡೆಯ ಮೇಲಿನದನ್ನು ಎತ್ತಿಕೊಂಡಳು. ಅಮ್ಮ ತಾನು ತಂದ ಲೋಟವನ್ನೂ ಅದನ್ನೂ ನೋಡಿ, ಇದರಿಂದ ಅದಕ್ಕೆ ಸುರಿದಳು. ಅತ್ತೆಮ್ಮ! ಬಂದು ಒಂದು ಗಂಟೆಯಾಗಿರಲಿಲ್ಲ. ತೋರಿಕೆ ಎಂದು ನನಗನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ನಾನು ಇವತ್ತು ಕೆ.ಆರ್. ನಗರದ ಕಡೆ ಹೋಗಿ ಏಳು ಫಾರಂ ಮುಗಿಸಿ ನಾಲ್ಕೂವರೆಗೆ ಬಂದೆ. ಅಂಗಳ ದಾಟುವಾಗ ಶೆಡ್ಡಿನಿಂದ ಅಮ್ಮನ ಧ್ವನಿ ಕೇಳಿಸಿತು. ಅಷ್ಟು ಹೊತ್ತು ಅಮ್ಮ ಬಿಡದೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಪದಗಳು ತಿಳಿಯುತ್ತಿರಲಿಲ್ಲ, ಧ್ವನಿಯ ಏರಿಳಿತ ಮಾತ್ರ. ಚಪ್ಪಲಿಯ ಸದ್ದಿಗೆ ನಿಂತುಹೋಯಿತು. ಒಳಗೆ ಅವರಿಬ್ಬರೇ ಇದ್ದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಬಂದಾ? ಊಟ ಮುಚ್ಚಿಟ್ಟಿವ್ನಿ ನೋಡು," ಎಂದಳು.

ನಾನು ಹೋಗಿ ಊಟ ಮಾಡಿದೆ. ಒಬ್ಬಳೇ. ಸಾರಿಗೆ ಉಪ್ಪು ಕಡಿಮೆ ಇತ್ತು. ಅಮ್ಮ ಹಾಗೆ ಮರೆಯುವವಳಲ್ಲ.

ನವೆಂಬರ್ 18

ಅಮ್ಮನ ಫೋನು. "ಊಟ ಆಯ್ತಾ?" ಹೂಂ. "ನೆಗಡಿ ವಾಸಿಯಾಯ್ತಾ?" ಹೂಂ. "ಯಶೋದ ಊಟ ಮಾಡುದ್ಲಾ?"

ಇಟ್ಟೆ.

ನವೆಂಬರ್ 22

ಇವತ್ತು ಆಪ್ತಸಮಾಲೋಚನೆಯ ತರಗತಿ. ಕೇಳಿಸಿಕೊಳ್ಳುವುದಕ್ಕೆ ಐದು ಲಕ್ಷಣಗಳಂತೆ: ಎದುರಿಗೆ ಕೂರುವುದು, ಸ್ವಲ್ಪ ಮುಂದಕ್ಕೆ ಬಾಗುವುದು, ಹೀಗೆ. ಐದನ್ನೂ ಬರೆದುಕೊಂಡೆ. ಯಶೋಧರಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ಚಿತ್ರಾನ್ನ ತಿನ್ನುತ್ತ ಅಡುಗೆಯ ಹೆಂಗಸಿನ ಮಾತು ಕೇಳುತ್ತಿದ್ದುದನ್ನು ನೋಡಿದೆ. ಎದುರಿಗೆ ಕೂತಿರಲಿಲ್ಲ, ಪಕ್ಕಕ್ಕೆ ಕೂತಿದ್ದಳು. ಬಾಗಿರಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದಳು. ಎಡಗಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಆಗಾಗ, "ಆಮೇಲೆ?" ಎನ್ನುತ್ತಿದ್ದಳು. ಹದಿನೆಂಟು ನಿಮಿಷದಲ್ಲಿ ಏಳು ಸಲ. ಒಂದು ಲಕ್ಷಣವೂ ಇಲ್ಲ. ಆ ಹೆಂಗಸು ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ಗಮನಿಸಲಿಲ್ಲ.

ನವೆಂಬರ್ 29, ಶುಕ್ರವಾರ

ಅರವತ್ತೂ ಮುಗಿಸಿ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದೆ. ತಿಂಗಳಿಡೀ ಊರೂರು ಸುತ್ತಿ ಅವಳೂ ಅರವತ್ತು ಮುಟ್ಟಿಸಿದ್ದಳು. ಅವಳದ್ದನ್ನೂ ನಾನೇ ಹಾಕಿದೆ, ಅವಳಿಗೆ ಅದು ಬಾರದು. ಅಂಕಿಗಳ ಹಾಳೆಯಲ್ಲಿ ಹೆಸರು, ಊರು, ಹಿಂಬದಿಯ ಉತ್ತರ ಇರುವುದಿಲ್ಲ, ಸರ್ ಹಿಂದುಮುಂದಾಗಿ ಕಲಸಿ ಕೊಟ್ಟ ಸಂಖ್ಯೆ ಮಾತ್ರ. ನನ್ನ ಸರಾಸರಿ 9. ಅವಳದು 57. ಪಕ್ಕಪಕ್ಕದ ತಾಲ್ಲೂಕುಗಳು, ಒಂದೇ ಬೆಳೆ, ಒಂದೇ ಕೆಲಸ, ಒಂದೇ ಪ್ರಶ್ನೆ. ಇಷ್ಟು ಅಂತರ ತಾನಾಗಿ ಬರುವ ಸಂಭವ ಸಾವಿರಕ್ಕೆ ಒಂದೂ ಇಲ್ಲ.

ಎಂದ ಮೇಲೆ ಎರಡರಲ್ಲಿ ಒಂದು ಸುಳ್ಳು.

ಸರ್‌ಗೆ ಒಂದು ಪತ್ರ ಬರೆದೆ. ಯಾರ ಮೇಲೂ ಆರೋಪ ಮಾಡಿಲ್ಲ. "ಎರಡನೆಯ ಕಂತಿನ ದತ್ತಾಂಶದ ಸತ್ಯಾಸತ್ಯತೆಯನ್ನು ಪರಿಶೀಲಿಸುವುದು ಅಧ್ಯಯನದ ಹಿತದೃಷ್ಟಿಯಿಂದ ಅಗತ್ಯ" ಎಂದಷ್ಟೇ ಬರೆದು, ಅವಳು ಪ್ರಶ್ನೆಗಳನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳುತ್ತಾಳೆ ಎಂಬುದನ್ನು ಸೇರಿಸಿದೆ. ಹೆಸರು ಹಾಕದೆ ಅವರ ಮೇಜಿನ ಮೇಲೆ ಇಟ್ಟೆ. 4 ಗಂಟೆ 10 ನಿಮಿಷ. ಇದು ಅಸೂಯೆಯಲ್ಲ. ಅಸೂಯೆಯಾಗಿದ್ದರೆ ಅಕ್ಟೋಬರಿನಲ್ಲೇ ಬರೆಯುತ್ತಿದ್ದೆ.

ಡಿಸೆಂಬರ್ 2, ಸೋಮವಾರ

ಸರ್ ಮರುಭೇಟಿ ಎಂದರು. ನೂರಕ್ಕೆ ಹತ್ತರಂತೆ ಅವಳ ಅರವತ್ತರಲ್ಲಿ ಆರು ಫಾರಂಗಳನ್ನು ಚೀಟಿ ಎತ್ತಿ ಆರಿಸುವುದು. ಬೇರೊಬ್ಬರು ಹೋಗಿ ಅದೇ ಹೆಂಗಸರಿಗೆ ಅದೇ ಪ್ರಶ್ನೆ ಕೇಳುವುದು. ಒಂದು ತಾಳೆಯಾಗದಿದ್ದರೂ ಇಡೀ ಕಂತು ರದ್ದು. ಬೇರೊಬ್ಬರು ಎಂದರೆ ನಾನು.

ನಮ್ಮೆದುರಿಗೇ ಸರ್ ಚೀಟಿ ಎತ್ತಿದರು. 7, 12, 19, 33, 41, 56. ಹೆಸರು ವಿಳಾಸಗಳು ಬೇರೆ ಬೇರೆ ಲಕೋಟೆಗಳಲ್ಲಿವೆ. ಪ್ರತಿ ಲಕೋಟೆಯಲ್ಲಿ ಅವಳು ತುಂಬಿದ ಫಾರಂ ಕೂಡ ಮಡಿಸಿ ಅಂಟಿಸಿ ಇಟ್ಟಿದೆ, ಆದರೆ ಕೇಳಿ ಮುಗಿಸಿದ ಮೇಲೆ ಮಾತ್ರ ಅದನ್ನು ಬಿಚ್ಚಬೇಕು.

ರೂಮಿನಲ್ಲಿ ಯಶೋಧರಾ ನನ್ನ ಚೀಲಕ್ಕೆ ನೀರಿನ ಬಾಟಲಿ ಹಾಕಿಕೊಟ್ಟಳು. "ಯಾರೋ ನನ್ ಮೇಲೆ ಬರ್ದವ್ರಂತೆ ಕಣೆ. ನೀನ್ ಹೋಗ್ತಿರೋದು ಒಳ್ಳೇದಾಯ್ತು. ನೀನಾದ್ರೆ ಇದ್ದದ್ದು ಇದ್ದಂಗೆ ಬರೀತೀಯ."

"ಹೂಂ," ಎಂದೆ.

ಡಿಸೆಂಬರ್ 6, ಶುಕ್ರವಾರ

ಹುಣಸೂರಿನ ಬಳಿ ಮೂರು, ಅಂತರಸಂತೆಯಲ್ಲಿ ಎರಡು. ಐದೂ ತಾಳೆಯಾದವು.

ಅಂತರಸಂತೆಯ ಮರಮ್ಮ ಎಂಬವಳು ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಮೊದಲ ವಾಕ್ಯ ಓದುವ ಮೊದಲೇ ಮಣೆ ತಳ್ಳಿದಳು.

"ಚಾಮಯ್ಯನ್ ಮಗಳು ಯಶೋದ ಕಳ್ಸುದ್ಲಾ? ಕೂತ್ಕೊ ಮಗ. ಅವಳು ಆವತ್ತು ಬಂದು ನನ್ ಹತ್ರ ಎಲ್ಲಾ ಬಾಯ್ಬುಡುಸ್ಬುಟ್ಲು, ಕಳ್ಳಿ."

"ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಓದುತ್ತೇನೆ."

"ಅರ್ಥ ಆಗ್ದೆ ಏನು? ನಿದ್ದೆ ಬತ್ತದಾ ಅಂತ ತಾನೇ? ಮಗಳು ತೀರ್ಕಂಡ್ಮೇಲೆ ಎಲ್ಲಿ ನಿದ್ದೆ."

ಅವಳು ಮೊದಲಿನದಕ್ಕಿಂತ ಎರಡು ಅಂಕ ಹೆಚ್ಚೇ ಹೇಳಿದಳು. ಹೊರಡುವಾಗ ಒಂದು ಬೊಗಸೆ ಅವರೆಕಾಳನ್ನು ನನ್ನ ಕರವಸ್ತ್ರಕ್ಕೆ ಕಟ್ಟಿ, "ಯಶೋದಂಗೂ ಕೊಡು, ಬಡಕ್ಲಾಗವ್ಳೆ," ಎಂದಳು.

ಬಸ್ಸಿನಲ್ಲಿ ಕೋಟೆ ದಾಟುವವರೆಗೂ ಯೋಚಿಸಿದೆ. ಐದು ಮನೆಗಳಲ್ಲೂ ಅವಳ ಹೆಸರಿನಿಂದಲೇ ನನಗೆ ಬಾಗಿಲು ತೆರೆದದ್ದು.

ಉಳಿದಿರುವುದು 41 ಒಂದೇ.

ಡಿಸೆಂಬರ್ 7, ಶನಿವಾರ

ಲಕೋಟೆ ಒಡೆದೆ. 41: ಸೋಮಮ್ಮ, ಗಂಡ ನಂಜುಂಡಸ್ವಾಮಿ, ರಾವಂದೂರು.

ಅಮ್ಮನದೊಂದು ಅವಳ ಕಂತಿನಲ್ಲಿದೆ ಎಂದು ಗೊತ್ತಿತ್ತು. ಸಂಖ್ಯೆ ಗೊತ್ತಿರಲಿಲ್ಲ.

ನಿಯಮ ಸ್ಪಷ್ಟವಾಗಿದೆ. ಸರ್‌ಗೆ ಫೋನು ಮಾಡಿ, ಇದು ನನ್ನ ತಾಯಿ, ಬೇರೆ ಚೀಟಿ ಎತ್ತಿ ಎನ್ನಬೇಕು. ಫೋನು ತೆಗೆದೆ. ಇಟ್ಟೆ. ಚೀಟಿ ಚೀಟಿಯೇ. ನಾನು ಎತ್ತಿದ್ದಲ್ಲ, ಸರ್ ಎತ್ತಿದ್ದು.

ಕೇಳುವ ಮೊದಲು ಫಾರಂ ಬಿಚ್ಚಬಾರದು ಎಂಬುದೂ ಸ್ಪಷ್ಟವಾಗಿದೆ. ಬಿಚ್ಚಿದೆ.

ಮೊತ್ತ 71. "ಕೆಲಸದ ನಡುವೆ ಕಾರಣವಿಲ್ಲದೆ ಅಳು ಬರುತ್ತದೆ": ಆಗಾಗ. "ನಾನು ಇಲ್ಲದಿದ್ದರೂ ಮನೆ ಹೀಗೇ ನಡೆಯುತ್ತದೆ ಅನ್ನಿಸುತ್ತದೆ": ಯಾವಾಗಲೂ. ಹಿಂಬದಿಯಲ್ಲಿ ಯಶೋಧರಾಳ ಗುಂಡು ಅಕ್ಷರ. ಮನಸ್ಸು ಭಾರವಾದಾಗ ಯಾರ ಹತ್ತಿರ? "ಯಾರ ಹತ್ರನೂ ಇಲ್ಲ. ಮಗಳು ಮನಸ್ಸಿನ ಇಷ್ಯನೇ ಓದ್ತಾವ್ಳೆ. ಅವಳ ಹತ್ರ ಹೇಳುದ್ರೆ ಪೆನ್ನು ತಗಂಡು ಕೂತ್ಕತ್ತಾಳೆ ಅಂತ ಭಯ."

ನಾಲ್ಕು ಸಲ ಓದಿದೆ. ಅಮ್ಮನಿಗೆ ಹೀಗಿದೆ ಎಂಬುದಕ್ಕೆ ನನಗೆ ದುಃಖವಾಗಬೇಕಿತ್ತು. ಆದದ್ದು ಬೇರೆ. ಇದನ್ನು ಯಶೋಧರಾಗೆ ಹೇಳಿದಳಲ್ಲ. ಮೂರು ದಿನ ಇದ್ದು ಹೋದವಳಿಗೆ. ಗೋಡೆಯ ಮೇಲಿನ ಲೋಟದಲ್ಲಿ ಕಾಫಿ ಕುಡಿದವಳಿಗೆ.

ನಾಳೆ ಊರಿಗೆ ಹೋಗುತ್ತೇನೆ. ಅಮ್ಮ ನನ್ನೆದುರು ಏನು ಹೇಳುತ್ತಾಳೆ ಎಂದು ನನಗೆ ಗೊತ್ತು. ಗೊತ್ತಿದ್ದೇ ಹೋಗುತ್ತಿದ್ದೇನೆ ಎಂದು ಇಲ್ಲಿಯಾದರೂ ಬರೆದಿಡಬೇಕು.

ಡಿಸೆಂಬರ್ 8, ಭಾನುವಾರ. ರಾವಂದೂರು

ಅಮ್ಮ ಸೊಪ್ಪಿನ ಅಂಟು ಹೋಗಲೆಂದು ಹುಣಸೆಹಣ್ಣು ಹಾಕಿ ಕೈ ತಿಕ್ಕಿ ತೊಳೆದು ಬಂದಳು. ಜಗುಲಿಯ ಬೆಂಚಿನ ತುದಿಯಲ್ಲಿ ಕೂತಳು. ಸೆರಗು ಹೊದ್ದುಕೊಂಡಳು.

"ಕಳೆದ ಒಂದು ತಿಂಗಳಲ್ಲಿ ನನ್ನ ನಿದ್ರೆಗೆ ಭಂಗ ಬಂದಿದೆ."

"ಇಲ್ಲ ಕಣವ್ವ. ಚೆನ್ನಾಗ್ ಬತ್ತದೆ."

"ಕೆಲಸದ ನಡುವೆ ಕಾರಣವಿಲ್ಲದೆ ಅಳು ಬರುತ್ತದೆ."

ನನ್ನ ಕೈಯ ಪೆನ್ನನ್ನು ನೋಡಿದಳು. "ಯಾಕ್ ಬತ್ತದೆ? ಇಲ್ಲ ಅಂತ ಹಾಕು."

ಇಪ್ಪತ್ನಾಲ್ಕಕ್ಕೂ ಇಲ್ಲ. ಮೊತ್ತ ಸೊನ್ನೆ. ಒಂಬತ್ತು ನಿಮಿಷ. ನಾನು ರಟ್ಟು ಮುಚ್ಚಿದಾಗ ಅಮ್ಮ ಸಣ್ಣ ಧ್ವನಿಯಲ್ಲಿ ಕೇಳಿದಳು: "ಎಲ್ಲಾ ಸರ್ಯಾಗ್ ಹೇಳುದ್ನಾ? ನಿನ್ಗೆ ಒಳ್ಳೇ ಮಾರ್ಕು ಬತ್ತದಾ?"

"ನಿನ್ನ ಉತ್ತರಕ್ಕೂ ನನ್ನ ಮಾರ್ಕಿಗೂ ಸಂಬಂಧವಿಲ್ಲ."

"ಅಂಗಾ? ನಮ್ಮನೇಲಿ ಏನೋ ಸರಿ ಇಲ್ಲ ಅಂತ ನಿಮ್ ಸಾರ್ ಅನ್ಕಂಡ್ರೆ, ನಿನ್ಗೆ ಕಮ್ಮಿ ಆಗ್ಬಾರ್ದು ಅಂತ."

"ಮತ್ತೆ ಯಶೋಧರಾಗೆ?" ಕೇಳಬಾರದಿತ್ತು. ಕೇಳಿದೆ.

ಅಮ್ಮ ಎದ್ದಳು. "ಅವಳು ಪರೀಕ್ಷೆಗೆ ಅಂತ ಕೇಳ್ಲಿಲ್ವಲ್ಲ," ಎಂದು ಒಳಗೆ ಹೋದಳು.

ಮರುಭೇಟಿಯ ಹಾಳೆಯಲ್ಲಿ 41ರ ಎದುರಿಗೆ "ತಾಳೆಯಾಗಿಲ್ಲ" ಎಂದು ಶಾಯಿಯಲ್ಲಿ ಬರೆದೆ. ಇದ್ದದ್ದು ಇದ್ದ ಹಾಗೆ. ಒಂದು ಅಕ್ಷರವೂ ಸುಳ್ಳಲ್ಲ.

ಅದೇ ದಿನ, ಸಂಜೆ

ಬಸ್ಸಿಗೆ ಹೊರಟವಳಿಗೆ ಪುಟ್ಟಮಾದಮ್ಮ ದಾರಿಯಲ್ಲಿ ಸಿಕ್ಕಳು, ತಲೆಯ ಮೇಲೆ ಸೌದೆ ಹೊರೆ.

"ಪದ್ಮವ್ವ, ಪರೀಕ್ಸೆ ಪಾಸಾದ್ಯಾ?"

"ಯಾವ ಪರೀಕ್ಷೆ?"

"ಆವತ್ತು ಬರ್ಕಂಡಲ್ಲವ್ವ. ನಿಮ್ಮಪ್ಪಾರು ಮೊದ್ಲೇ ಯೋಳಿದ್ರಲ್ಲ, ಮಗಳ್ ಪರೀಕ್ಸೆ ಅಂತ. ನಾವೆಲ್ಲಾ ಹಿಂದಿನ್ ದಿನವೇ ಮಾತಾಡ್ಕಂಡಿದ್ದೋ, ಕೂಸು ಪಾಸಾಗ್ಲಿ, ಯಾರೂ ಕಷ್ಟ ಗಿಷ್ಟ ಅಂತ ಬಾಯ್ಬುಡಬ್ಯಾಡಿ ಅಂತ. ಆ ಚಿಕ್ಕಸಿದ್ದಿ ಒಬ್ಳು ಮೊಣಕಾಲ್ ನೋವು ಅಂದ್ಬುಟ್ಲಂತೆ, ಮುಂಡೇದು. ಅದ್ರಿಂದೇನಾದ್ರೂ ಕಮ್ಮಿಯಾಯ್ತಾ?"

ಚಿಕ್ಕಸಿದ್ದಮ್ಮನ ಫಾರಂ ನೆನಪಿದೆ: ಮೊತ್ತ 11, ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು. ಅದನ್ನು ನಾನು ಅಪವಾದ ಎಂದು ಗುರುತು ಮಾಡಿ ಲೆಕ್ಕದಿಂದ ಹೊರಗಿಟ್ಟಿದ್ದೆ.

"ಕಮ್ಮಿಯಾಗಿಲ್ಲ. ಪಾಸಾದೆ," ಎಂದೆ. "ನಿಮಗೆ ನಿಜವಾಗಿ ನಿದ್ದೆ ಬರುತ್ತದಾ?"

ಪುಟ್ಟಮಾದಮ್ಮ ಹೊರೆಯ ಕೆಳಗಿನಿಂದ ನಕ್ಕಳು. "ಪಾಸಾದ್ಯಲ್ಲ, ಇನ್ನ್ಯಾಕ್ ಬುಡವ್ವ."

ಡಿಸೆಂಬರ್ 10

ಹಾಳೆ ಚೀಲದಲ್ಲೇ ಇದೆ. ಕೊಟ್ಟರೆ ಅವಳ ಕಂತು ರದ್ದು, ಕೆಲಸ ನನ್ನದು. ಐವತ್ತೇಳು ಸುಳ್ಳು, ಒಂಬತ್ತು ನಿಜ ಎಂದು ತೀರ್ಮಾನವಾಗುತ್ತದೆ. ಆಮೇಲೆ ಎರಡು ವರ್ಷ ಆ ಒಂಬತ್ತರ ಮೇಲೆ ಕೂತು ಕೋಷ್ಟಕ ಬರೆಯುತ್ತೇನೆ. ರಾವಂದೂರಿನ ಹೆಂಗಸರಿಗೆ ನಿದ್ರೆ ಚೆನ್ನಾಗಿ ಬರುತ್ತದೆ ಎಂದು ಬರೆಯುತ್ತೇನೆ. ಉಲ್ಲೇಖಗಳೆಲ್ಲ ಸರಿಯಾಗಿರುತ್ತವೆ.

ಇವತ್ತು ಪೆಟ್ಟಿಗೆಯಿಂದ ಆ ಹತ್ತಕ್ಕೆ ಹತ್ತು ಬಂದ ಉತ್ತರಪತ್ರಿಕೆ ತೆಗೆದು ಓದಿದೆ. ತುಂಬಾ ಚೆನ್ನಾಗಿ ಬರೆದಿದ್ದೇನೆ. ಎಲ್ಲ ಇದೆ. ಭೂಮಾಲೀಕರ ಮನೆಯವರು ಕೇಳಿದರೆ ಕೆಲಸದವರು ಹೇಗೆ ಉತ್ತರಿಸುತ್ತಾರೆ ಎಂಬುದಕ್ಕೇ ಒಂದು ಪ್ಯಾರಾ ಇದೆ.

ಡಿಸೆಂಬರ್ 11, ಬುಧವಾರ

"ತಾಳೆಯಾಗಿಲ್ಲ" ಎಂಬುದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಬರೆದೆ: "ಉತ್ತರಿಸಿದವರು ನನ್ನ ತಾಯಿ. ಇದನ್ನು ಮೊದಲೇ ತಿಳಿಸದೆ ನಾನೇ ಕೇಳಿದ್ದೇನೆ. ಕೇಳುವ ಮೊದಲೇ ಮೂಲ ಫಾರಂ ಓದಿದ್ದೇನೆ. ಈ ಮರುಭೇಟಿಯನ್ನು ಪರಿಗಣಿಸಬಾರದು. ಮೂಲ ಫಾರಂ ನಿಜ. ರಾವಂದೂರಿನಲ್ಲಿ ನಾನು ತುಂಬಿದ ಮೂವತ್ತೊಂದು ಫಾರಂಗಳನ್ನು ಬೇರೊಬ್ಬರು ಮತ್ತೆ ಮಾಡಬೇಕು." ಸಹಿ ಹಾಕಿ ಕೊಟ್ಟೆ.

ಸರ್ ಓದಿ ಹಾಳೆಯನ್ನು ಮಗುಚಿಟ್ಟರು. "ನವೆಂಬರಿನ ಪತ್ರವೂ ನಿಮ್ಮದೇನಾ?" ಎಂದರು. ಹೌದು ಎಂದೆ.

ರೂಮಿನಲ್ಲಿ ಯಶೋಧರಾಗೂ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಗೊತ್ತಿತ್ತು ಕಣೆ. ಸಾರ್ ಒಂದು ಸಾಲು ಓದುದ್ರು. 'ಸತ್ಯಾಸತ್ಯತೆ' ಅಂತ ಈ ಹಾಸ್ಟೆಲಲ್ಲಿ ನೀನ್ ಬುಟ್ರೆ ಯಾರ್ ಬರೀತಾರೆ?"

"ಗೊತ್ತಿದ್ದೂ ನಾನು ಹೋಗುವುದಕ್ಕೆ ಒಪ್ಪಿದೆಯಾ?"

"ನೀನ್ ಹೊಟ್ಟೆಕಿಚ್ಚಿನವಳು. ಸುಳ್ಳುಗಾತಿ ಅಲ್ಲ ಅನ್ಕಂಡಿದ್ದೆ." ಒಂದು ಲಂಗವನ್ನು ಎರಡು ಸಲ ಮಡಿಸಿದಳು. "ಆ ಅವರೆಕಾಳು ನೀನೇ ಬೇಯ್ಸ್ಕಂಡು ತಿನ್ನು. ನಾನ್ ನಾಳೆಯಿಂದ ಆ ಕಡೆ ರೂಮಿಗೆ ಹೋಯ್ತೀನಿ."

ಡಿಸೆಂಬರ್ 19

ಅವಳಿಗೆ ಸಿಕ್ಕಿತು.

ಡಿಸೆಂಬರ್ 27

ಅವಳ ಮಂಚ ಖಾಲಿ. ಹಾಸಿಗೆಯಿಲ್ಲದ ಹಲಗೆಯ ಮೇಲೆ ನನ್ನ ಪುಸ್ತಕಗಳನ್ನು ಜೋಡಿಸಿದೆ. ಈಗ ಓದುತ್ತಿರುವ ಕಾದಂಬರಿಯ ಅನುವಾದಕ ಪುಟಪುಟಕ್ಕೂ ಅಡಿಟಿಪ್ಪಣಿ ಹಾಕಿದ್ದಾನೆ. ಮೊದಲೆಲ್ಲ ಇಷ್ಟವಾಗುತ್ತಿತ್ತು. ಈಗ, ಸ್ವಲ್ಪ ಸುಮ್ಮನಿರು ಮಾರಾಯ, ಅವರು ಮಾತಾಡಲಿ ಅನ್ನಿಸುತ್ತದೆ.

ಅಮ್ಮನ ಫೋನು ಬಂತು. ಊಟ ಆಯ್ತಾ ಎಂದಳು. ಹೂಂ ಎಂದೆ. ಏನು ಸಾರು ಎಂದು ನಾನು ಕೇಳಿದೆ. ಅಮ್ಮ, "ಯಾಕೆ, ಹುಷಾರಿಲ್ವಾ?" ಎಂದಳು.

ಜನವರಿ 12, ಭಾನುವಾರ. ರಾವಂದೂರು

ಯಶೋಧರಾ ಎರಡು ದಿನದಿಂದ ಇಲ್ಲಿದ್ದಾಳೆ, ನನ್ನ ಮೂವತ್ತೊಂದನ್ನು ಮತ್ತೆ ಮಾಡಲು. ನನ್ನ ಜೊತೆ ಬೇಕಾದಷ್ಟೇ ಮಾತು. ಅಪ್ಪನನ್ನು ಪಿರಿಯಾಪಟ್ಟಣದ ಹರಾಜಿಗೆ ಸೊಪ್ಪಿನ ಬೇಲುಗಳ ಜೊತೆ ಮೊದಲೇ ಕಳಿಸಿದ್ದೆ. ಇದು ನನ್ನದೇ ಉಪಾಯ. ಅವಳು, "ಒಳ್ಳೇದು ಮಾಡ್ದೆ," ಎಂದಳು. ಡಿಸೆಂಬರಿನಿಂದ ಅವಳು ನನಗೆ ಹೇಳಿದ ಅತಿ ಉದ್ದದ ಮಾತು ಇದು.

ಕೇಳುವಾಗ ನಾನು ಹತ್ತಿರ ಇರಬಾರದು. ಆದ್ದರಿಂದ ಮಂಜು ಆರುವ ಮೊದಲೇ ಶೆಡ್ಡಿನ ಈ ತುದಿಯಲ್ಲಿ ಕೂತು ಸೊಪ್ಪು ಬಿಡಿಸಿದೆ. ಹಳದಿ ಒಂದು ಕಡೆ, ಕಿತ್ತಳೆ ಒಂದು ಕಡೆ, ಹಸಿರು ಉಳಿದದ್ದು ಇನ್ನೊಂದು ಕಡೆ. ಇಪ್ಪತ್ತಮೂರು ವರ್ಷ ಈ ಮನೆಯಲ್ಲಿದ್ದು ಹಳದಿಗೂ ಕಿತ್ತಳೆಗೂ ವ್ಯತ್ಯಾಸ ನನಗೆ ತಿಳಿಯುವುದಿಲ್ಲ. ಎರಡು ಸಲ ತಪ್ಪಾಗಿ ಹಾಕಿದೆ. ಬೆರಳಿಗೆ ಅಂಟು ಹತ್ತಿದ ಮೇಲೆ ಪೆನ್ನು ಹಿಡಿಯಲು ಆಗುವುದಿಲ್ಲ. ಇದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಬಂದು ಬರೆಯುತ್ತಿದ್ದೇನೆ.

ಪುಟ್ಟಮಾದಮ್ಮ ಯಶೋಧರಾಳ ಪಕ್ಕ ಕೂತು ಏನೋ ಹೇಳುತ್ತಿದ್ದಳು. ತುಂಬಾ ಹೊತ್ತು. ಯಶೋಧರಾ ತಲೆ ಎತ್ತದೆ ಸೊಪ್ಪು ಬಿಡಿಸುತ್ತಿದ್ದಳು. "ಆಮೇಲೆ?" ಎಂದದ್ದು ಇಲ್ಲಿಗೂ ಕೇಳಿಸಿತು. ನನ್ನನ್ನು ಎತ್ತಿ ಆಡಿಸಿದವಳು ಅವಳಿಗೆ ಹೇಳುತ್ತಿದ್ದಾಳೆ. ಹೊಟ್ಟೆ ಉರಿಯಿತು. ಮೊದಲಿನಷ್ಟಲ್ಲ ಎಂದು ಬರೆಯಬೇಕಾದರೆ ಅಳತೆ ಬೇಕು. ಇಲ್ಲ.

ಅಮ್ಮ ಕಾಫಿಯ ಚೊಂಬು ಹಿಡಿದು ಬಂದಳು. ನಾನು ಗೋಡೆಯ ಮೇಲಿನಿಂದ ಕೈಗೆ ಸಿಕ್ಕಿದ ಲೋಟ ತೆಗೆದುಕೊಂಡೆ. ಅಮ್ಮ ಹಾಕಿದಳು. ಆಮೇಲೆ ಹೋಗದೆ ನನ್ನ ಪಕ್ಕ ಕೂತು, ನಾನು ತಪ್ಪಾಗಿ ಹಾಕಿದ್ದ ಎಲೆಗಳನ್ನು ಒಂದೊಂದೇ ತೆಗೆದು ಸರಿಯಾದ ಗುಡ್ಡೆಗೆ ಸೇರಿಸತೊಡಗಿದಳು. ಎಷ್ಟು ಹೊತ್ತು ಎಂದು ನೋಡಿಕೊಳ್ಳಲಿಲ್ಲ.

"ನೀನು ಫೋನಲ್ಲಿ ಹೂಂ ಅಂತೀಯಲ್ಲ," ಎಂದಳು ಅಮ್ಮ, ಎಲೆಗೆ ಹೇಳುವ ಹಾಗೆ. "ಹೂಂ ಅಂದ್ಬುಟ್ಟು ಇಟ್ಬುಡ್ತೀಯ. ನಾನು ಆಮೇಕೂ ಒಂದಷ್ಟೊತ್ತು ಕಿವೀಗೆ ಇಟ್ಕಂಡೇ ಕೂತಿರ್ತೀನಿ."

ಅಭ್ಯಾಸಬಲದಿಂದ ಹೂಂ ಎಂದೆ. ಆದರೆ ಏಳಲಿಲ್ಲ. ಅಮ್ಮ ಇನ್ನೊಂದು ಎಲೆ ತೆಗೆದುಕೊಂಡು ಬೆಳಕಿಗೆ ಹಿಡಿದು ಮತ್ತೆ ಮಾತು ಶುರು ಮಾಡಿದಳು.

ಆ ತುದಿಯಲ್ಲಿ ಯಶೋಧರಾ ಏನೋ ಅಂದಳು. ಒಂಬತ್ತು ಮಂದಿಯೂ ಗೊಳ್ಳೆಂದು ನಕ್ಕರು. ಅಮ್ಮ ಆ ಕಡೆ ತಿರುಗಲಿಲ್ಲ. ತಿರುಗುತ್ತಾಳಾ ಎಂದು ನಾನು ನೋಡುತ್ತಿದ್ದೆ.